ಅಮೆರಿಕ ಅಧ್ಯಕ್ಷರ ಅಧಿಕಾರ ಕುರಿತ ತೀರ್ಪನ್ನು ಓದುವುದು ಹೇಗೆ?

ರಾಷ್ಟ್ರೀಯ ಭದ್ರತೆಯ ಹೆಸರಿನಲ್ಲಿ ಅಮೆರಿಕದ ಅಧ್ಯಕ್ಷರು ಹೊರಡಿಸಿದ ಆದೇಶ ಅಲ್ಲಿನ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದಾಗಲೆಲ್ಲ ನಮ್ಮಲ್ಲಿ ಚರ್ಚೆ ‘ಅಧ್ಯಕ್ಷರಿಗೆ ಜಯ’ ಅಥವಾ ‘ಅಧ್ಯಕ್ಷರಿಗೆ ಮುಖಭಂಗ’ ಎಂಬ ಶೀರ್ಷಿಕೆಯಲ್ಲೇ ಮುಗಿದುಹೋಗುತ್ತದೆ. ನ್ಯಾಯಾಲಯ ಯಾವ ಕಾರಣಕ್ಕೆ ಹಾಗೆ ಹೇಳಿತೆಂದು ತಿಳಿಯದಿದ್ದರೆ ಮುಂದಿನ ಆದೇಶದ ಗತಿಯನ್ನು ಅಂದಾಜು ಮಾಡುವುದೂ ಸಾಧ್ಯವಿಲ್ಲ.

ಮೊದಲಿಗೆ ಸುಪ್ರೀಂ ಕೋರ್ಟ್‌ನ ಜಾಲತಾಣದಿಂದ ತೀರ್ಪನ್ನು ಇಳಿಸಿಕೊಳ್ಳಿ, ಅದು ಉಚಿತ.

ಎರಡನೆಯದಾಗಿ, ಯಾವ ಪುಟದಲ್ಲಿ ಯಾರ ಮಾತಿದೆ ಎಂದು ಗುರುತು ಹಾಕಿ. ಆರಂಭದಲ್ಲಿರುವ ಸಾರಾಂಶವನ್ನು ನ್ಯಾಯಾಲಯದ ಅಧಿಕಾರಿಯೊಬ್ಬರು ಸಿದ್ಧಪಡಿಸಿರುತ್ತಾರೆ. ಅದು ತೀರ್ಪಿನ ಭಾಗವಲ್ಲ. ಬಹುಮತ, ಸಹಮತ (ಫಲಿತಾಂಶ ಒಪ್ಪಿ ತಮ್ಮದೇ ಕಾರಣ ಬರೆದ ನ್ಯಾಯಮೂರ್ತಿಗಳ ಮಾತು), ಭಿನ್ನಮತ (ಒಪ್ಪದವರ ಮಾತು) ಎಂಬ ಭಾಗಗಳು ಅದರ ನಂತರ ಬರುತ್ತವೆ. ಭಿನ್ನಮತದ ಖಾರವಾದ ಸಾಲುಗಳನ್ನೇ ನ್ಯಾಯಾಲಯದ ಆದೇಶವೆಂದು ವಾಟ್ಸ್‌ಆ್ಯಪ್‌ನಲ್ಲಿ ಹಂಚುವವರು ಬಹಳ. ಕೃತಕ ಬುದ್ಧಿಮತ್ತೆಯ ಸಾರಾಂಶಗಳನ್ನೂ ನೆಚ್ಚಿಕೊಳ್ಳಬೇಡಿ. ಬಹುಮತ, ಸಹಮತ, ಭಿನ್ನಮತ ಮೂರನ್ನೂ ಕಲಸಿಬಿಡುವ ಅಪಾಯ ಅವುಗಳಲ್ಲಿದೆ.

ಮೂರನೆಯ ಹಂತವೇ ಕಠಿಣ, ಹೆಚ್ಚಿನವರು ಎಡವುವುದೂ ಇಲ್ಲೇ. ಭದ್ರತೆ ಮುಖ್ಯವೋ ಸ್ವಾತಂತ್ರ್ಯ ಮುಖ್ಯವೋ ಎಂದು ವಾದಕ್ಕಿಳಿಯುವ ಮುನ್ನ ‘ಈ ವಿಷಯದಲ್ಲಿ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಏನು ಹೇಳಿತ್ತು?’ ಎಂದು ಕೇಳಿಕೊಳ್ಳಬೇಕು. ಇದನ್ನು ಕಲಿಯಲು 1952ರ ಯಂಗ್ಸ್‌ಟೌನ್ ಉಕ್ಕಿನ ಪ್ರಕರಣಕ್ಕಿಂತ ಒಳ್ಳೆಯ ಪಾಠವಿಲ್ಲ. ಕೊರಿಯಾ ಯುದ್ಧ ನಡೆಯುತ್ತಿದ್ದಾಗ ಕಾರ್ಮಿಕರ ಮುಷ್ಕರದಿಂದ ಉಕ್ಕಿನ ಉತ್ಪಾದನೆ ನಿಲ್ಲುವುದೆಂದು ಅಧ್ಯಕ್ಷ ಟ್ರೂಮನ್ ಏಪ್ರಿಲ್ 8ರಂದು ಕಾರ್ಖಾನೆಗಳ ಸ್ವಾಧೀನಕ್ಕೆ ಆದೇಶಿಸಿದರು. ಜೂನ್ 2ರಂದು ನ್ಯಾಯಾಲಯ 6-3 ಬಹುಮತದಿಂದ ಅದನ್ನು ತಳ್ಳಿಹಾಕಿತು. ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ಬ್ಲ್ಯಾಕ್. ಆದರೆ ನೀವು ಮೊದಲು ಓದಬೇಕಾದದ್ದು ನ್ಯಾಯಮೂರ್ತಿ ಜಾಕ್ಸನ್ ಅವರ ಸಹಮತವನ್ನು, ಏಕೆಂದರೆ ನಂತರದ ನ್ಯಾಯಾಲಯಗಳು ಅಳತೆಗೋಲಾಗಿ ಹಿಡಿದದ್ದು ಅದನ್ನೇ.

ಕಾಗದವೊಂದರಲ್ಲಿ ಮೂರು ಕಾಲಂ ಎಳೆಯಿರಿ. ಕಾಂಗ್ರೆಸ್ ಅನುಮತಿ ಇದ್ದರೆ ಅಧ್ಯಕ್ಷರ ಅಧಿಕಾರ ಗರಿಷ್ಠ; ಕಾಂಗ್ರೆಸ್ ಮೌನವಾಗಿದ್ದರೆ ಅದು ಮಬ್ಬು ವಲಯ; ಕಾಂಗ್ರೆಸ್ಸಿನ ಇಚ್ಛೆಗೆ ವಿರುದ್ಧವಾಗಿದ್ದರೆ ಅಧಿಕಾರ ಕನಿಷ್ಠ. ಉಕ್ಕಿನ ಪ್ರಕರಣವನ್ನು ಅವಸರದಲ್ಲಿ ಓದಿದವರು ನಡುವಿನ ಕಾಲಂಗೆ ಹಾಕುತ್ತಾರೆ, ಸ್ವಾಧೀನವನ್ನು ನೇರವಾಗಿ ನಿಷೇಧಿಸುವ ಸಾಲು ಕಾನೂನಿನಲ್ಲಿ ಇರಲಿಲ್ಲವಲ್ಲ ಎಂದು. ಆದರೆ 1947ರಲ್ಲಿ ಕಾರ್ಮಿಕ ವಿವಾದಗಳ ಕುರಿತ ಟ್ಯಾಫ್ಟ್-ಹಾರ್ಟ್ಲಿ ಕಾಯ್ದೆಯನ್ನು ರೂಪಿಸುವಾಗ ಇಂಥ ಅಧಿಕಾರ ನೀಡುವ ತಿದ್ದುಪಡಿಯನ್ನು ಕಾಂಗ್ರೆಸ್ ಪರಿಶೀಲಿಸಿ ತಿರಸ್ಕರಿಸಿತ್ತು. ಜಾಕ್ಸನ್ ಇದನ್ನು ಮೂರನೆಯದಕ್ಕೇ ಸೇರಿಸಿದರು. ಕಾಯ್ದೆಯ ಪಠ್ಯ ಮಾತ್ರವಲ್ಲದೆ ಅದರ ಹಿನ್ನೆಲೆಯನ್ನೂ ನೋಡಬೇಕೆನ್ನುವುದು ಇದಕ್ಕಾಗಿಯೇ. ಮೌನವೂ ಸದಾ ಒಂದೇ ಬಗೆಯದಲ್ಲ: ಇರಾನ್‌ನಲ್ಲಿ ಒತ್ತೆಯಲ್ಲಿದ್ದ ಅಮೆರಿಕನ್ನರ ಬಿಡುಗಡೆಯ ಒಪ್ಪಂದದ ಕುರಿತ 1981ರ ಡೇಮ್ಸ್ ಆ್ಯಂಡ್ ಮೂರ್ ಪ್ರಕರಣದಲ್ಲಿ, ವಿದೇಶಗಳ ಮೇಲಿನ ಅಮೆರಿಕನ್ನರ ಹಣದ ದಾವೆಗಳನ್ನು ಅಧ್ಯಕ್ಷರು ಒಪ್ಪಂದದ ಮೂಲಕ ಇತ್ಯರ್ಥಪಡಿಸುವುದನ್ನು ಕಾಂಗ್ರೆಸ್ ದೀರ್ಘಕಾಲ ಆಕ್ಷೇಪವಿಲ್ಲದೆ ನಡೆಯಗೊಟ್ಟದ್ದೇ ಅಧ್ಯಕ್ಷರ ಪರವಾಯಿತು.

ಮೂರನೆಯ ಕಾಲಂ ಎಂದರೆ ಸೋಲು ಖಚಿತವೆಂದೂ ಭಾವಿಸಬೇಡಿ. ಜೆರುಸಲೇಂನಲ್ಲಿ ಹುಟ್ಟಿದವರು ಕೇಳಿದರೆ ಪಾಸ್‌ಪೋರ್ಟ್‌ನಲ್ಲಿ ಜನ್ಮಸ್ಥಳ ‘ಇಸ್ರೇಲ್’ ಎಂದು ಬರೆಯಬೇಕೆಂಬ ಕಾಂಗ್ರೆಸ್ಸಿನ ಕಾಯ್ದೆ ಕುರಿತ 2015ರ ಜಿವೊಟೊಫ್ಸ್ಕಿ ಪ್ರಕರಣದಲ್ಲಿ ಅಧ್ಯಕ್ಷರು ಅಲ್ಲಿಂದಲೂ ಗೆದ್ದರು. ವಿದೇಶಿ ಸರ್ಕಾರಗಳಿಗೆ ಮಾನ್ಯತೆ ನೀಡುವುದು ಅವರೊಬ್ಬರದೇ ಅಧಿಕಾರವೆಂದು ನ್ಯಾಯಾಲಯ ಹೇಳಿತು.

ಕೊನೆಗೆ, ತೀರ್ಪಿನ ನಂತರ ಕಾಂಗ್ರೆಸ್ ಏನು ಮಾಡಿತೆಂದು ಹುಡುಕಿ. 2006ರ ಹಮ್ದಾನ್ ಪ್ರಕರಣದಲ್ಲಿ ಭಯೋತ್ಪಾದನೆಯ ಶಂಕಿತರನ್ನು ಇರಿಸಿದ್ದ ಗ್ವಾಂಟನಾಮೊ ನೆಲೆಯ ಸೇನಾ ವಿಚಾರಣಾ ಆಯೋಗಗಳನ್ನು ನ್ಯಾಯಾಲಯ ಅಮಾನ್ಯಗೊಳಿಸಿದಾಗ, ಅದೇ ವರ್ಷ ಕಾಂಗ್ರೆಸ್ ಹೊಸ ಕಾಯ್ದೆ ತಂದು ಅವುಗಳಿಗೆ ಒಪ್ಪಿಗೆಯಿತ್ತಿತು. ಅಂದರೆ ಪ್ರಕರಣ ಮೂರನೆಯ ಕಾಲಂನಿಂದ ಮೊದಲನೆಯದಕ್ಕೆ ಸರಿಯಿತು. ಆದರೂ ಬಂಧಿತರು ತಮ್ಮ ಬಂಧನವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಅರ್ಜಿ ಸಲ್ಲಿಸದಂತೆ ಮಾಡಿದ್ದ ಆ ಕಾಯ್ದೆಯ ಭಾಗವನ್ನು 2008ರ ಬೂಮೆದಿಯೆನ್ ತೀರ್ಪು 5-4ರಿಂದ ಅಸಿಂಧುಗೊಳಿಸಿತು.