ಬೆಳಗಿನ ಪ್ಲಾನಿಂಗ್ ಸಂಜೆಯಾದರೂ ಮುಗಿಯದಿದ್ದರೆ

ತುಮಕೂರಿನ ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ 14 ಜನರ ತಂಡ ನನ್ನದು. ಒಂಬತ್ತಕ್ಕೆ ತೆರೆದ ಪ್ರೊಡಕ್ಷನ್ ಶೀಟು ಸಂಜೆ ಐದಾದರೂ ಅರ್ಧಕ್ಕೇ ನಿಂತಿರುತ್ತಿತ್ತು. "ಸಾರ್, ಒಂದ್ನಿಮಿಷ" ಅಂತ ಯಾರಾದರೂ ಬರುತ್ತಲೇ ಇರೋರು.

25 ನಿಮಿಷ ಒಂದೇ ಕೆಲಸ, ಆಮೇಲೆ ಸ್ವಲ್ಪ ಬಿಡುವು ಅನ್ನೋ ಪೊಮೊಡೊರೊ ಟೈಮರ್ ಇಟ್ಟೆ, ಒಮ್ಮೆಯೂ ಪೂರ್ತಿ ಓಡಲಿಲ್ಲ. ಬೆಳಗ್ಗೆ ಐದಕ್ಕೇ ಎದ್ದೆ, ಮಧ್ಯಾಹ್ನ ತೂಕಡಿಕೆ. ಫೋನಿಂದ ವಾಟ್ಸಾಪ್ ಡಿಲೀಟ್ ಮಾಡಿದೆ, ಡಿಸ್ಪ್ಯಾಚ್ ಫೋಟೋ ಬರೋದೇ ಅಲ್ಲಿ, ಮಾರನೇ ದಿನವೇ ವಾಪಸ್.

ಆಮೇಲೆ ಒಂದು ವಾರ ಯಾರು ಏನು ಕೇಳಿದರು ಅಂತ ಡೈರಿಯ ಹಿಂದಿನ ಪುಟದಲ್ಲಿ ಬರೆದೆ. 31ರಲ್ಲಿ 19 ಬರೀ ಅಪ್ಪಣೆ ಕೇಳೋದು: "ಈ ಪೀಸು ರಿವರ್ಕಿಗೆ (ಮತ್ತೆ ಸರಿಮಾಡೋಕೆ) ಹಾಕ್ಲಾ?" ಎಲ್ಲದಕ್ಕೂ ನನ್ನ ಅಪ್ಪಣೆ ಬೇಕಿತ್ತು, ತೊಡಕು ಇದ್ದದ್ದು ನನ್ನ ಹತ್ತಿರವೇ.

ಮೊದಲು ರಿವರ್ಕ್, ಶಿಫ್ಟ್ ಅದಲುಬದಲು ಎರಡನ್ನೂ ಲೈನ್ ಲೀಡರಿಗೆ ಬಿಟ್ಟೆ. ಹತ್ತು ಪೀಸಿಗಿಂತ ಹೆಚ್ಚು ಸ್ಕ್ರ್ಯಾಪ್ ಆದರೆ ಮಾತ್ರ ನನಗೆ. ಇದನ್ನು ಬೋರ್ಡಿನ ಮೇಲೂ ಬರೆಸಿದೆ. ಆಮೇಲೆ ದಿನಾ 8:40ಕ್ಕೆ ಮಷಿನ್ ಪಕ್ಕದಲ್ಲೇ ನಿಂತು ತಂಡದ ಜೊತೆ ಹತ್ತು ನಿಮಿಷ ಮಾತು. ಕೊನೆಗೆ ಆಂಡ್ರಾಯ್ಡ್ ಫೋನಿನಲ್ಲಿ ಡು ನಾಟ್ ಡಿಸ್ಟರ್ಬ್: ಶೆಡ್ಯೂಲ್ 9ರಿಂದ 10:30, ಕಾಲ್ಸ್‌ನಲ್ಲಿ ಸ್ಟಾರ್ ಹಾಕಿದ ನಂಬರ್ ಮಾತ್ರ, ರಿಪೀಟ್ ಕಾಲರ್ಸ್ ಆನ್. ಅದೇ ನಂಬರಿಂದ 15 ನಿಮಿಷದೊಳಗೆ ಎರಡನೇ ಸಲ ಬಂದರೆ ರಿಂಗ್ ಆಗುತ್ತೆ.

ಈ ಕ್ರಮ ತಪ್ಪಿಸಬೇಡಿ. ಹಿಂದೊಮ್ಮೆ ಫೋನನ್ನೇ ಮೊದಲು ಮುಚ್ಚಿದ್ದಾಗ ಎಲ್ಲರೂ ಕ್ಯಾಬಿನ್ ಬಾಗಿಲಿಗೇ ಬಂದಿದ್ದರು.