ದೋಣಿಯ ಕರೆಂಟ್ ಟಾಯ್ಲೆಟ್ ಬದಲಾಯಿಸೋದು: ಕಮೋಡ್ ಕೊನೆಗೆ ಆರಿಸಿ

ಹೋದ ಬೇಸಿಗೆಯಲ್ಲಿ ನಮ್ಮ ಹಳೇ ಹಾಯಿದೋಣಿಯ ಟಾಯ್ಲೆಟ್ ಕೈಕೊಟ್ಟಿತು. ಅದೂ ಊರಿಂದ ಅತ್ತೆ-ಮಾವ ಬಂದಿದ್ದಾಗ. ಬಟನ್ ಒತ್ತಿದರೆ ಮೋಟರ್ ನರಳುತ್ತದೆ, ಬೌಲ್‌ನಲ್ಲಿ ಇದ್ದದ್ದು ಅಲ್ಲೇ ಇರುತ್ತದೆ. ಮಾವ ಬಾಗಿಲಾಚೆ ನಿಂತು, "ಒಂದು ಬಕೆಟ್ ನೀರು ಸುರಿದರೆ ಹೋಗಲ್ವೇನಪ್ಪ?" ಅಂತ ಕೇಳಿದರು. ಮನೆಯಲ್ಲಾದರೆ ಹೋಗುತ್ತದೆ. ದೋಣಿಯಲ್ಲಿ ಹೋಗಲ್ಲ, ಯಾಕಂದ್ರೆ ಇಲ್ಲಿ ಇಳಿಜಾರಿನ ಪೈಪೇ ಇಲ್ಲ. ಎಲ್ಲವನ್ನೂ ಪಂಪು ಅರೆದು, ಮೇಲಕ್ಕೆತ್ತಿ, ಪೈಪಿನ ಒಂದು ಕಮಾನು ದಾಟಿಸಿ, ಮಲ ತುಂಬಿಡುವ ಟ್ಯಾಂಕಿಗೆ ತಳ್ಳಬೇಕು.

ಸರಿ, ಹೊಸದು ತಂದು ಹಾಕಿದೆ. ಎರಡೇ ದಿನಕ್ಕೆ ಅದೂ ನರಳತೊಡಗಿತು. ಆಮೇಲೆ ಪೂರ್ತಿ ಬಿಚ್ಚಿ ನೋಡಿದಾಗ ಗೊತ್ತಾಯಿತು, ಹಳೇದರಲ್ಲಿ ಅಂಥ ದೋಷವೇನೂ ಇರಲಿಲ್ಲ. ಪೈಪ್ ಕಟ್ಟಿತ್ತು, ವೈರ್ ಸಣ್ಣದಿತ್ತು. ಅದಕ್ಕೇ ಇಲ್ಲಿ ಉಲ್ಟಾ ಬರೆಯುತ್ತಿದ್ದೇನೆ: ಮೊದಲು ಪೈಪ್, ಆಮೇಲೆ ವೈರ್, ಟ್ಯಾಂಕ್, ಕಮೋಡ್ ಕೊನೆಗೆ.

ನಮ್ಮ ದೋಣಿ ಇರುವುದು ಸಿಯಾಟಲ್‌ನ ಶಿಲ್‌ಶೋಲ್ ಬೇ ಮರೀನಾದಲ್ಲಿ. ಇಲ್ಲಿನ ಪ್ಯೂಜೆಟ್ ಸೌಂಡ್ ಅನ್ನುವ ಸಮುದ್ರದ ಕೊಲ್ಲಿ ಪೂರ್ತಿ, ಲೇಕ್ ವಾಷಿಂಗ್ಟನ್ ಮತ್ತು ಲೇಕ್ ಯೂನಿಯನ್ ಸೇರಿ, 2018ರ ಮೇ ತಿಂಗಳಿಂದ ಮಲದ ನೀರು ಬಿಡಬಾರದ ಪ್ರದೇಶ. ಶುದ್ಧೀಕರಿಸಿದ್ದೂ ಬಿಡುವಂತಿಲ್ಲ, ಹಾಗೇ ಬಿಡುವುದಂತೂ ದೂರದ ಮಾತು. ಅಮೆರಿಕದ ಬೇರೆ ಕರಾವಳಿಯಲ್ಲೂ ಹಸಿ ಮಲವನ್ನು ಬಿಡಬೇಕಾದರೆ ದಡದಿಂದ 3 ನಾಟಿಕಲ್ ಮೈಲಿ ಆಚೆ ಹೋಗಬೇಕು. ಹಾಗಾಗಿ ನಮಗೆಲ್ಲ ಟ್ಯಾಂಕೇ ಗತಿ. ಟ್ಯಾಂಕಿಗೂ ಸಮುದ್ರಕ್ಕೂ ತಿರುಗಿಸುವ ವೈ ವಾಲ್ವ್ ಇದ್ದರೆ ಅದು ಟ್ಯಾಂಕಿನ ಕಡೆಗೇ ಭದ್ರವಾಗಿರಬೇಕು: ಬೀಗ ಹಾಕಿ, ಇಲ್ಲವೇ ಹಿಡಿಯನ್ನೇ ಬಿಚ್ಚಿಡಿ, ಅಥವಾ ಕತ್ತರಿಸದೆ ಬಿಚ್ಚಲಾಗದ ಪ್ಲಾಸ್ಟಿಕ್ ಟ್ಯಾಗ್ ಬಿಗಿಯಿರಿ. ಟ್ಯಾಂಕ್ ಖಾಲಿ ಮಾಡುವ ಪಂಪ್‌ಔಟ್‌ಗಳು ಇಲ್ಲಿ ಸಾಕಷ್ಟಿವೆ, ಎಷ್ಟೋ ಕಡೆ ದುಡ್ಡೂ ಕೇಳಲ್ಲ.

ಈಗ ಪೈಪ್. ಟಾಯ್ಲೆಟ್‌ನಿಂದ ಹೊರಗೆ ಹೋಗುವ ಪೈಪಿನ ಒಳವ್ಯಾಸ ಸಾಮಾನ್ಯವಾಗಿ ಒಂದೂವರೆ ಇಂಚು, ಅಂದರೆ 38 ಮಿಲಿಮೀಟರ್. ನಾನು ಬಿಚ್ಚಿದ ಪೈಪಿನ ಬಾಯಿಗೆ ಕಿರುಬೆರಳು ಕಷ್ಟಪಟ್ಟು ತೂರಿತು. ಸುತ್ತ ಬೂದುಬಿಳಿ ಕಲ್ಲು. ನಮ್ಮೂರಲ್ಲಿ ಬೋರ್‌ವೆಲ್ ನೀರು ಕಾಯಿಸಿ ಕಾಯಿಸಿ ಹಂಡೆಯ ತಳದಲ್ಲಿ ಸುಣ್ಣದ ಪದರ ಕಟ್ಟುತ್ತಲ್ಲ, ಥೇಟ್ ಹಾಗೇ, ಬೆರಳಿಂದ ತಟ್ಟಿದರೆ ಟಣ್ ಅನ್ನುತ್ತಿತ್ತು. ಮೂತ್ರ ಮತ್ತು ಉಪ್ಪುನೀರು ಸೇರಿದರೆ ಇದು ಕಟ್ಟೇ ಕಟ್ಟುತ್ತದೆ. ಹಳಬರು ಇಂಥ ಪೈಪನ್ನು ಬಿಚ್ಚಿ ಜೆಟ್ಟಿಯ ಮೇಲೆ ಬಟ್ಟೆ ಒಗೆದ ಹಾಗೆ ಬಡಿದು ಕಲ್ಲು ಉದುರಿಸಿ ಮತ್ತೆ ಹಾಕುತ್ತಾರೆ. ನಾನೂ ಬಡಿದು ನೋಡಿದೆ, ಉದುರುತ್ತದೆ ನಿಜ, ಆದರೆ ವಾಸನೆ ಹಿಡಿದ ಪೈಪನ್ನು ಉಳಿಸಿ ಏನು ಮಾಡೋದು?

ವಾಸನೆ ಪೈಪಿನದ್ದೋ ಬೇರೆಯದ್ದೋ ಅಂತ ತಿಳಿಯಲು ಸುಲಭದ ಪರೀಕ್ಷೆ ಇದೆ. ಒಂದು ಶುಭ್ರ ಬಟ್ಟೆಯನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ, ಪೈಪಿನ ಹೊರಮೈಗೆ ಸುತ್ತಿ, ತಣ್ಣಗಾಗಲು ಬಿಡಿ. ಆಮೇಲೆ ದೋಣಿಯಿಂದ ಹೊರಗೆ ಬಂದು ಬಟ್ಟೆಯನ್ನು ಮೂಸಿ. ನಾರುತ್ತಿದ್ದರೆ ಪೈಪಿನ ರಬ್ಬರ್ ದಾಟಿ ವಾಸನೆ ಹೊರಗೆ ಬಂದಿದೆ ಅಂತ ಅರ್ಥ, ಯಾವ ಕಂಪನಿಯ ಹೊಸ ಕಮೋಡ್ ತಂದರೂ ಅದು ಹೋಗಲ್ಲ. ಹೊಸ ಪೈಪ್ ಕೊಳ್ಳುವಾಗ ಟಾಯ್ಲೆಟ್‌ಗೆಂದೇ ಮಾಡಿದ ಸ್ಯಾನಿಟೇಶನ್ ಹೋಸ್ ತಗೊಳ್ಳಿ. ದುಬಾರಿ, ಗೊತ್ತು. ಇಲ್ಲಿ ಮಾತ್ರ ಜಿಪುಣತನ ಬೇಡ.

ಹಳೇ ಪೈಪ್ ಎಳೆದು ಕೀಳಬೇಡಿ. ಮೊದಲು ಟ್ಯಾಂಕ್ ಖಾಲಿ ಮಾಡಿಸಿ, ಬೌಲ್‌ಗೆ ಸಿಹಿನೀರು ಸುರಿದು ನಾಲ್ಕೈದು ಸಲ ತಳ್ಳಿ, ಸಮುದ್ರದ ನೀರು ಒಳಬರುವ ಸೀಕಾಕ್ (ದೋಣಿಯ ಮೈಯಲ್ಲಿರುವ ವಾಲ್ವ್) ಮುಚ್ಚಿ, ಬ್ರೇಕರ್ ಆಫ್ ಮಾಡಿ. ಮೂತಿಯ ಮೇಲೆ ಕೂತ ಪೈಪನ್ನು ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿದರೆ ಸಡಿಲವಾಗುತ್ತದೆ. ಆಗದಿದ್ದರೆ ಉದ್ದಕ್ಕೆ ಸೀಳಿ, ಚಾಕು ಮೂತಿಗೆ ಗೀರಬಾರದು ಅಷ್ಟೇ. ಕೈಗವಸು, ಹಳೇ ಟವೆಲ್, ಅಗಲದ ಬೇಸಿನ್ ಪಕ್ಕದಲ್ಲೇ ಇರಲಿ. ಎಷ್ಟು ತೊಳೆದರೂ ಒಂದು ಲೀಟರಿನಷ್ಟು ಒಳಗೆ ಉಳಿದೇ ಇರುತ್ತದೆ. ಅದು ಎಲ್ಲಿಗೆ ಬರುತ್ತೆ ಅಂತ ನಾನು ಬಿಡಿಸಿ ಹೇಳಲ್ಲ.

ವೈರಿನ ವಿಷಯಕ್ಕೆ ಜಾಸ್ತಿ ಜಾಗ ಕೊಡುತ್ತೇನೆ, ಏಕೆಂದರೆ ಜನ ಎಡವುವುದು ಇಲ್ಲೇ. 12 ವೋಲ್ಟಿನ ಟಾಯ್ಲೆಟ್ ಮೋಟರ್ ಓಡುವಾಗ ಸುಮಾರು 20 ಆಂಪಿಯರ್ ಎಳೆಯಬಹುದು. ಬ್ಯಾಟರಿ ಬರಿದಾಗುತ್ತಾ ಅಂತ ಎಲ್ಲರೂ ಹೆದರುತ್ತಾರೆ, ಅದು ಸುಮ್ನೆ ಹೆದರಿಕೆ: ಒಂದು ಸಲಕ್ಕೆ ಅರ್ಧ ನಿಮಿಷ ಓಡಿದರೂ ಖರ್ಚಾಗುವುದು 0.17 ಆಂಪಿಯರ್-ಅವರ್, ಇಪ್ಪತ್ತು ಸಲಕ್ಕೂ ಮೂರೂವರೆ ದಾಟಲ್ಲ. ಚಿಂತೆ ಮಾಡಬೇಕಾದದ್ದು ಆ 20 ಆಂಪಿಯರ್ ಹರಿಯುವಾಗ ವೈರ್ ಎಷ್ಟು ವೋಲ್ಟ್ ತಿನ್ನುತ್ತದೆ ಅಂತ. ಲೆಕ್ಕ ಹಾಕಿ ನೋಡಿ. ಪ್ಯಾನಲ್‌ನಿಂದ ಟಾಯ್ಲೆಟ್‌ಗೆ 5 ಮೀಟರ್ ಅಂದರೆ ಹೋಗಿ ಬರಲು 10 ಮೀಟರ್ ತಾಮ್ರ. ವೈರ್ 2.5 ಚದರ ಮಿಲಿಮೀಟರ್ ಇದ್ದರೆ 1.4 ವೋಲ್ಟ್ ದಾರಿಯಲ್ಲೇ ಹೋಯಿತು. 6 ಚದರ ಮಿಲಿಮೀಟರ್ ಹಾಕಿದರೆ 0.6 ವೋಲ್ಟ್, 10 ಹಾಕಿದರೆ 0.35ರ ಆಸುಪಾಸು.

ನಮ್ಮ ದೋಣಿಯ ಹಿಂದಿನ ಮಾಲೀಕರು ಎಳೆದಿದ್ದು 2.5ರದ್ದು, ಜೊತೆಗೆ ನಡುವೆ ಹಸಿರು ತುಕ್ಕು ಹಿಡಿದ ಎರಡು ಜಾಯಿಂಟ್. ಮೀಟರ್ ಹಿಡಿದು ಬಟನ್ ಒತ್ತಿದೆ: ಬ್ಯಾಟರಿಯಲ್ಲಿ 12.5, ಮೋಟರ್ ಹತ್ತಿರ 10.4. ಪಾಪ, ಅದು ನರಳದೆ ಇನ್ನೇನು ಮಾಡೀತು! ನೀವು ಹೊಸ ಟಾಯ್ಲೆಟ್‌ಗೆ ದುಡ್ಡು ಹಾಕುವ ಮುಂಚೆ ಈ ಒಂದು ಅಳತೆ ತಗೊಳ್ಳಿ. ಮೋಟರ್ ಓಡುತ್ತಿರುವಾಗಲೇ ಅಳೆಯಬೇಕು, ನಿಂತಿರುವಾಗ ಅಳೆದರೆ 12.5 ಅಂತಲೇ ತೋರಿಸಿ ಮೋಸ ಮಾಡುತ್ತದೆ.

ವೈರ್ ತವರ ಲೇಪಿಸಿದ ತಾಮ್ರದ್ದಿರಲಿ, ಜಾಯಿಂಟ್‌ಗಳಿಗೆ ಬಿಸಿ ಮಾಡಿದರೆ ಕುಗ್ಗುವ, ಒಳಮೈಗೆ ಅಂಟು ಸವರಿರುವ ಶ್ರಿಂಕ್ ಟ್ಯೂಬ್ ಹಾಕಿ. ಫ್ಯೂಸ್ ಎಷ್ಟರದ್ದು ಅಂತ ಟಾಯ್ಲೆಟ್ ಜೊತೆ ಬರುವ ಪುಸ್ತಕದಲ್ಲಿ ಇರುತ್ತದೆ, 12 ವೋಲ್ಟಿನ ಮಾಮೂಲಿ ಮಾದರಿಗಳಿಗೆ 25 ಆಂಪಿಯರ್ ಹೇಳುತ್ತಾರೆ. ಅದನ್ನು ಕರೆಂಟ್ ಹೊರಡುವ ತುದಿಯಲ್ಲಿ ಹಾಕಬೇಕು, ಟಾಯ್ಲೆಟ್ ಪಕ್ಕ ಅಲ್ಲ. ಫ್ಯೂಸ್ ಕಾಯುವುದು ಮೋಟರನ್ನಲ್ಲ, ದಾರಿಯುದ್ದದ ವೈರನ್ನು.

ಇನ್ನು ಟ್ಯಾಂಕ್. ನಮ್ಮದು 75 ಲೀಟರಿನದ್ದು. ನಾಲ್ಕು ಜನ, ದಿನಕ್ಕೆ ತಲಾ ಐದು ಸಲ, ಅಂದರೆ ಇಪ್ಪತ್ತು. ಸಲಕ್ಕೆ 3 ಲೀಟರ್ ನೀರು ಕುಡಿಯುವ ಟಾಯ್ಲೆಟ್ ಆದರೆ ಒಂದೇ ದಿನಕ್ಕೆ 60 ಲೀಟರ್. ಒಂದೂವರೆ ಲೀಟರಿನದ್ದಾದರೆ ಎರಡು ದಿನ ಬರುತ್ತದೆ. ಇದರ ಮೇಲೆ ನಮ್ಮವರ ಚೊಂಬಿನ ಲೆಕ್ಕ ಬೇರೆ, ಅದನ್ನು ಯಾವ ಕಂಪನಿಯ ಪುಸ್ತಕದಲ್ಲೂ ಬರೆದಿರಲ್ಲ! ನಮ್ಮನೆಯಲ್ಲಿ ಅರ್ಧ ಲೀಟರಿನ ಹಿಂಡುವ ಬಾಟಲಿ ಇಟ್ಟಿದ್ದೇವೆ, ಅತ್ತೆಯವರು ಮೊದಲ ದಿನ ಮುಖ ಸಿಂಡರಿಸಿದರು, ಮೂರನೇ ದಿನಕ್ಕೆ ಅದೇ ಒಳ್ಳೇದು ಅಂದರು.

ಈಗ ಕಮೋಡ್. ನಿಜವಾಗಿ ಆರಿಸಬೇಕಾದದ್ದು ಒಂದೇ: ತೊಳೆಯಲು ಸಮುದ್ರದ ನೀರೋ, ದೋಣಿಯ ಕುಡಿಯುವ ನೀರಿನ ಟ್ಯಾಂಕಿನ ಸಿಹಿನೀರೋ? ಸಮುದ್ರದ ನೀರು ಪುಕ್ಕಟೆ, ಮುಗಿಯುವುದೇ ಇಲ್ಲ. ಆದರೆ ದೋಣಿ ವಾರಗಟ್ಟಲೆ ನಿಂತರೆ ಒಳಬರುವ ಪೈಪಿನಲ್ಲಿ ಉಳಿದ ನೀರಿನ ಸಣ್ಣ ಜೀವಿಗಳು ಸತ್ತು ಕೊಳೆಯುತ್ತವೆ, ಬಂದು ಮೊದಲ ಸಲ ಬಟನ್ ಒತ್ತಿದಾಗ ಕೊಳೆತ ಮೊಟ್ಟೆಯ ವಾಸನೆ ಕ್ಯಾಬಿನ್ ತುಂಬುತ್ತದೆ. ಸುಣ್ಣ ಕಟ್ಟುವುದೂ ಜಾಸ್ತಿ. ಸಿಹಿನೀರಿನದ್ದಕ್ಕೆ ಈ ಎರಡೂ ಕಾಟ ಕಡಿಮೆ, ಸದ್ದೂ ಕಡಿಮೆ, ಆದರೆ ಸ್ಯಾನ್ ವಾನ್ ದ್ವೀಪಗಳ ಕಡೆ ನಾಲ್ಕು ದಿನ ಹೋದರೆ ಕುಡಿಯುವ ನೀರನ್ನು ಅಳೆದು ಬಳಸಬೇಕಾಗುತ್ತದೆ. ನಾವು ವಾರಾಂತ್ಯದ ಗಿರಾಕಿಗಳು, ಸಿಹಿನೀರಿನದ್ದೇ ತಗೊಂಡೆವು. ತಿಂಗಳುಗಟ್ಟಲೆ ಸಮುದ್ರದಲ್ಲಿ ಇರುವವರಿಗೆ ನಾನು ಇದನ್ನು ಹೇಳಲಾರೆ.

ಒಂದು ಮಾತ್ರ ಮಾಡಲೇಬೇಡಿ. ಸಮುದ್ರದ ನೀರಿನ ಮಾದರಿಯನ್ನು ತಂದು ಅದಕ್ಕೆ ಸಿಹಿನೀರಿನ ಪೈಪ್ ಸಿಕ್ಕಿಸುವ ಜಾಣತನ ಬೇಡ. ಟಾಯ್ಲೆಟ್ ಕಡೆಯ ಕೊಳೆ ಹಿಂದಕ್ಕೆ ಹೋಗಿ ಕುಡಿಯುವ ನೀರಿಗೆ ಸೇರಬಹುದು. ಸಿಹಿನೀರಿಗೆಂದೇ ಮಾಡಿದ ಮಾದರಿಯಲ್ಲಿ ಕರೆಂಟಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್, ನೀರು ಹಿಂದೆ ಹೋಗದಂತೆ ತಡೆಯುವ ಭಾಗ ಎರಡೂ ಇರುತ್ತವೆ.

ಕೊಳ್ಳುವ ಮುಂಚೆ ಅಟ್ಟೆಪೆಟ್ಟಿಗೆ ಕತ್ತರಿಸಿ ಹೊಸ ಕಮೋಡಿನ ತಳ, ಎತ್ತರ, ಮುಚ್ಚಳ ತೆರೆದಾಗಿನ ಅಳತೆ ಮೂರನ್ನೂ ಮಾಡಿಕೊಂಡು ಜಾಗದಲ್ಲಿ ಇಟ್ಟು ನೋಡಿ. ದೋಣಿಯ ಗೋಡೆ ಮೇಲೆ ಹೋಗ್ತಾ ಬಾಗಿರುತ್ತದೆ, ಮುಚ್ಚಳ ಹಿಂದಕ್ಕೆ ಬಾಗದೆ ಬೆನ್ನ ಮೇಲೆ ಬೀಳುತ್ತಿದ್ದರೆ ಏನು ಸುಖ? ಮೋಟರ್ ಹಿಂದೆ ಇರುವ ಮಾದರಿಗೆ ಕೈ ಹೋಗಲು ಜಾಗ ಇದೆಯಾ ಅಂತಲೂ ನೋಡಿ, ಒಂದಲ್ಲ ಒಂದು ದಿನ ಅದನ್ನು ಬಿಚ್ಚಲೇಬೇಕು.

ಕೂರಿಸುವ ಕೆಲಸ ಇದರ ಮುಂದೆ ಸಲೀಸು. ಹಳೇ ಬೋಲ್ಟ್ ತೂತುಗಳು ಹೊಂದಿದರೆ ಅದೃಷ್ಟ, ಇಲ್ಲದಿದ್ದರೆ ಹಳೇವನ್ನು ಎಪಾಕ್ಸಿಯಿಂದ ತುಂಬಿ ಹೊಸದು ಕೊರೆಯಿರಿ. ಹಾಗೇ ಬಿಟ್ಟರೆ ನೀರಿಳಿದು ಅಡಿಯ ಪ್ಲೈವುಡ್ ಕೊಳೆಯುತ್ತದೆ. ಬೋಲ್ಟ್ 316 ದರ್ಜೆಯ ಸ್ಟೇನ್‌ಲೆಸ್ ಇರಲಿ, ಪಿಂಗಾಣಿ ತಾಗುವಲ್ಲಿ ಪ್ಲಾಸ್ಟಿಕ್ ವಾಷರ್ ಹಾಕಿ ಸಮನಾಗಿ ಬಿಗಿಯಿರಿ. ಪೈಪಿನ ತುದಿಯನ್ನು ಕುದಿನೀರಲ್ಲಿ ಒಂದು ನಿಮಿಷ ಅದ್ದಿ, ಪಾತ್ರೆ ತೊಳೆಯುವ ಸೋಪು ಸವರಿದರೆ ಮೂತಿಗೆ ಸರಾಗವಾಗಿ ಏರುತ್ತದೆ. ಪ್ರತಿ ಮೂತಿಗೆ ಎರಡು ಕ್ಲಿಪ್, ಅವುಗಳ ತಿರುಪುಗಳು ಎದುರುಬದುರು.

ಸಮುದ್ರದ ನೀರಿನದ್ದನ್ನೇ ಉಳಿಸಿಕೊಂಡವರು ಒಂದು ವಿಷಯದಲ್ಲಿ ರಾಜಿ ಮಾಡಿಕೊಳ್ಳಬೇಡಿ. ಬೌಲ್ ಹೊರಗಿನ ಸಮುದ್ರದ ಮಟ್ಟಕ್ಕಿಂತ ಕೆಳಗೆ ಇದ್ದರೆ ಸೈಫನ್, ಅಂದರೆ ಪಂಪಿಲ್ಲದೆಯೂ ಪೈಪಿನಲ್ಲಿ ನೀರು ತಾನಾಗೇ ಎಳೆದುಕೊಂಡು ಹರಿಯುವುದು, ಶುರುವಾಗಿ ಸಮುದ್ರವೇ ಬೌಲ್ ತುಂಬಿ ಒಳಗೆ ಬರಬಹುದು. 19 ಮಿಲಿಮೀಟರಿನ ತೂತು ನೀರಿನ ಮಟ್ಟದಿಂದ ಅರ್ಧ ಮೀಟರ್ ಕೆಳಗೆ ತೆರೆದಿದ್ದರೆ ನಿಮಿಷಕ್ಕೆ ಸುಮಾರು 30 ಲೀಟರ್ ನುಗ್ಗುತ್ತದೆ. ಊರಲ್ಲಿ ತಾರಸಿಯ ಮೇಲಿರುವ 1000 ಲೀಟರಿನ ಕಪ್ಪು ಟ್ಯಾಂಕ್ ಅರ್ಧ ಗಂಟೆಗೆ ತುಂಬುವಷ್ಟು! ಅದಕ್ಕೇ ಪಂಪಿಗೂ ಬೌಲ್‌ಗೂ ನಡುವೆ ವೆಂಟೆಡ್ ಲೂಪ್ ಬೇಕು, ಅಂದರೆ ನೆತ್ತಿಯಲ್ಲಿ ಗಾಳಿ ಎಳೆದುಕೊಳ್ಳುವ ಪುಟ್ಟ ವಾಲ್ವ್ ಇರುವ ಕಮಾನು. ದೋಣಿ ಪೂರ್ತಿ ವಾಲಿದಾಗಲೂ ಅದು ನೀರಿನ ಮಟ್ಟದಿಂದ 20 ಸೆಂಟಿಮೀಟರ್ ಮೇಲಿರಬೇಕು. ಸೀಕಾಕ್‌ಗೂ ಪಂಪಿಗೂ ನಡುವೆ ಹಾಕಿದರೆ ಪಂಪು ನೀರಿನ ಬದಲು ಗಾಳಿ ಎಳೆಯುತ್ತದೆ.

ಎಲ್ಲ ಆದ ಮೇಲೆ ಪ್ರತಿ ಜಾಯಿಂಟ್‌ಗೆ ಒಣ ಟಿಶ್ಯೂ ಪೇಪರ್ ಸುತ್ತಿ, ಸಿಹಿನೀರಿನಲ್ಲೇ ಹತ್ತು ಸಲ ಓಡಿಸಿ, ಕಾಫಿ ಕುಡಿದು ಬನ್ನಿ. ಕಣ್ಣಿಗೆ ಕಾಣದ ಒಸರು ಪೇಪರಿನ ಮೇಲೆ ಕಪ್ಪಗೆ ಕಾಣುತ್ತದೆ. ನನಗೆ ಒಂದು ಕಡೆ ಸಿಕ್ಕಿತು, ಕ್ಲಿಪ್ ಅರ್ಧ ಸುತ್ತು ಬಿಗಿದರೆ ನಿಂತಿತು.

ಮುಂದಕ್ಕೆ ಬೇಕಾದದ್ದು ಸ್ವಲ್ಪವೇ. ವಾರಕ್ಕೊಮ್ಮೆ ಒಂದು ಲೋಟ ಬಿಳಿ ವಿನೆಗರ್ ಸುರಿದು ರಾತ್ರಿಯಿಡೀ ಬಿಡಿ, ಬ್ಲೀಚ್ ಬೇಡ, ರಬ್ಬರ್ ಹಾಳಾಗುತ್ತದೆ. ಹೊರಹೋಗುವ ಮೂತಿಯಲ್ಲಿ ಜೋಕರ್ ವಾಲ್ವ್ ಅಂತ ಬಾತುಕೋಳಿ ಕೊಕ್ಕಿನಂಥ ರಬ್ಬರ್ ತುಂಡು ಇರುತ್ತದೆ. ತಳ್ಳಿದ ನೀರು ಬೌಲ್‌ಗೆ ವಾಪಸ್ ಬರತೊಡಗಿದರೆ ಅದರ ತುಟಿ ಸಡಿಲವಾಗಿದೆ ಅಂತ. ಒಂದು ಸ್ಪೇರ್, ಎರಡು ಫ್ಯೂಸ್, ಒಂದು ಜೊತೆ ಕೈಗವಸು ಡಬ್ಬಿಯಲ್ಲಿಟ್ಟಿರಿ. ಅರೆಯುವ ಬ್ಲೇಡಿಗೆ ದೊಡ್ಡ ಶತ್ರು ಕೂದಲು, ಹಲ್ಲಿನ ದಾರ, ಒದ್ದೆ ವೈಪ್ಸ್. ಬಾಗಿಲ ಒಳಗೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದು ಚೀಟಿ ಅಂಟಿಸಿದ್ದೇವೆ. ಮಾವ ಅದರ ಕೆಳಗೆ ತಮ್ಮ ಅಕ್ಷರದಲ್ಲಿ ಒಂದು ಸಾಲು ಸೇರಿಸಿ ಹೋಗಿದ್ದಾರೆ: "ಬಕೆಟ್ ಇಲ್ಲಿ ನಡೆಯುವುದಿಲ್ಲ."