ಖುಲಾಸೆಯಾಯಿತು: ವಕೀಲರ ಖರ್ಚು, ಬಾಂಡು, ಮುದ್ದೆಮಾಲು

ಕಲಬುರಗಿ, ಬೀದರ್, ಯಾದಗಿರಿ, ಯಾವ ಕೋರ್ಟಿನಲ್ಲಿ ಖುಲಾಸೆಯಾದರೂ ವಕೀಲರ ಫೀಸು ಸರ್ಕಾರದಿಂದ ತಾನಾಗಿ ವಾಪಸ್ ಬರುವುದಿಲ್ಲ. ಖರ್ಚು ಕೇಳಲು ಮುಖ್ಯವಾಗಿ ಎರಡು ದಾರಿ. ಎರಡಕ್ಕೂ ತಯಾರಿ ತೀರ್ಪಿನ ಮೊದಲೇ ಆಗಬೇಕು.

ಮೊದಲನೆಯದು ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಕ್ರಿಮಿನಲ್ ಕೇಸು ನಡೆಸುವ ಹೊಸ ಕಾಯ್ದೆ) 273ನೇ ಕಲಂ. ಅದು ಜಾರಿಗೆ ಬಂದ 2024ರ ಜುಲೈ 1ಕ್ಕೆ ಮೊದಲೇ ವಿಚಾರಣೆಯಲ್ಲಿದ್ದ ಕೇಸಿಗೆ ಹಳೆಯ ಕಾಯ್ದೆಯಾದ ಸಿಆರ್‌ಪಿಸಿಯ 250. ಮ್ಯಾಜಿಸ್ಟ್ರೇಟ್ ವಿಚಾರಿಸುವ ಕೇಸುಗಳಿಗೆ ಮಾತ್ರ ಇದು. ಆರೋಪಕ್ಕೆ ಸಕಾರಣವೇ ಇರಲಿಲ್ಲ ಎಂದು ಕಂಡರೆ ದೂರು ಕೊಟ್ಟವರಿಂದಲೇ ಪರಿಹಾರ ಕೊಡಿಸಬಹುದು. ಆ ಮ್ಯಾಜಿಸ್ಟ್ರೇಟ್ ಹಾಕಬಹುದಾದ ದಂಡವೇ ಇದಕ್ಕೆ ಮಿತಿ; ಹೊಸ ಕಾಯ್ದೆಯಲ್ಲಿ ಪ್ರಥಮ ದರ್ಜೆಯವರಿಗೆ 50,000 ರೂಪಾಯಿ. ದೂರುದಾರರಿಂದ ಕಾರಣ ಕೇಳುವ ಮಾತು ಖುಲಾಸೆ ಆದೇಶದಲ್ಲೇ ಇರಬೇಕು. ತೀರ್ಪು ಓದಿದ ಮೇಲೆ ಕೇಳಿದರೆ ತಡವಾಯಿತು. ಹಾಗಾಗಿ ಅಂತಿಮ ವಾದದಲ್ಲೇ ಬರೆದು ಕೊಡಿ.

ಎರಡನೆಯದು ದುರುದ್ದೇಶದ ಕೇಸು ಹಾಕಿದವರ ಮೇಲೆ ಸಿವಿಲ್ ದಾವೆ. ಗಡುವು ಒಂದೇ ವರ್ಷ, ಖುಲಾಸೆಯ ದಿನದಿಂದ. ಸಕಾರಣವೂ ಇರಲಿಲ್ಲ, ದ್ವೇಷವೂ ಇತ್ತು, ಎರಡನ್ನೂ ನೀವೇ ಸಾಬೀತು ಮಾಡಬೇಕು. ‘ಸಂಶಯದ ಲಾಭ’ ಎಂದು ಬಿಡುಗಡೆಯಾದವರಿಗೆ ಇದು ಬಹಳ ಕಷ್ಟ. ಫೀಸಿನ ರಸೀದಿ, ಬ್ಯಾಂಕ್ ಸ್ಟೇಟ್‌ಮೆಂಟ್, ತಾರೀಖಿಗೆ ಬಂದ ಬಸ್ಸಿನ ಟಿಕೆಟ್ ಮೊದಲ ದಿನದಿಂದಲೇ ಕೂಡಿಡಿ. ಕೈಯಲ್ಲಿ ಕೊಟ್ಟು ರಸೀದಿ ಪಡೆಯದ ಫೀಸನ್ನು ಕೋರ್ಟಿನಲ್ಲಿ ತೋರಿಸುವುದು ಬಹಳ ಕಷ್ಟ.

ತೀರ್ಪಿನ ಹೊತ್ತಿಗೆ ಕೋರ್ಟು ಬಿಎನ್‌ಎಸ್‌ಎಸ್ 481ನೇ ಕಲಂನಡಿ (ಸಿಆರ್‌ಪಿಸಿಯಲ್ಲಿ 437ಎ) ಬಾಂಡು ಕೇಳುತ್ತದೆ. ಮೇಲ್ಮನವಿ ಬಂದರೆ ಹಾಜರಾಗುತ್ತೇನೆ ಎಂಬ ಮುಚ್ಚಳಿಕೆ ಅದು. ಆರು ತಿಂಗಳು ಜಾರಿಯಲ್ಲಿರುತ್ತದೆ. ಜಾಮೀನುದಾರರು ಬೇಕೇ ಎಂದು ಹಿಂದಿನ ತಾರೀಖಿಗೇ ಕೇಳಿ, ಬೇಕಾದರೆ ಪಹಣಿ, ಆಧಾರ್ ಸಮೇತ ಕರೆತನ್ನಿ. ಸೇಡಂ, ಸುರಪುರದ ಹಳ್ಳಿಗಳಿಂದ ಅಂದೇ ಓಡಿಬರುವುದು ಆಗದ ಮಾತು.

ಮುದ್ದೆಮಾಲು, ಅಂದರೆ ಕೇಸಿನಲ್ಲಿ ಜಪ್ತಿಯಾದ ಬೈಕು, ಮೊಬೈಲು, ಹಣ ಯಾರಿಗೆ ಕೊಡಬೇಕೆಂದು ತೀರ್ಪಿನ ಕೊನೆಯ ಪುಟದಲ್ಲಿ ಇರಬೇಕು. ಬೈಕು ಮೊದಲೇ ಬಾಂಡಿನ ಮೇಲೆ ಬಿಡುಗಡೆಯಾಗಿದ್ದರೆ, ಆ ಮಧ್ಯಂತರ ಆದೇಶ ಅಂತಿಮವಾಗಿದೆ ಎಂಬ ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ಮಾರುವಾಗ ತೊಡಕು. ಠಾಣೆಯ ಪಿ.ಎಫ್. ಸಂಖ್ಯೆ (ಜಪ್ತಿ ವಸ್ತುವಿನ ದಾಖಲೆ ಸಂಖ್ಯೆ) ಹಾಕಿ ಅರ್ಜಿ ಕೊಟ್ಟರೆ ಹುಡುಕುವುದು ಸುಲಭ. ವಸ್ತು ಕೈಗೆ ಬರಲು ಸಾಮಾನ್ಯವಾಗಿ ಎರಡು ತಿಂಗಳು ಕಾಯಬೇಕು, ಮೇಲ್ಮನವಿ ಹೋದರೆ ಅದು ಮುಗಿಯುವ ತನಕ. ಎತ್ತು, ಎಮ್ಮೆಯಂಥ ಜಾನುವಾರಿಗೆ ಈ ತಡೆಯಿಲ್ಲ.

ತೀರ್ಪಿನ ದೃಢೀಕೃತ ನಕಲಿಗೆ ತೀರ್ಪಿನ ದಿನವೇ ಅರ್ಜಿ ಹಾಕಿ, ಎರಡು ಪ್ರತಿ ಕೇಳಿ. ಪೊಲೀಸ್ ವೆರಿಫಿಕೇಶನ್ನಿಗೂ ಸಿವಿಲ್ ದಾವೆಗೂ ಅದೇ ಆಧಾರ. ಫೀಸು ಕಟ್ಟಲಾಗದ ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಉಚಿತ ವಕೀಲರನ್ನು ಕೇಳಬಹುದು, ಸಹಾಯವಾಣಿ 15100.